ಮೇಜಿನ ಸುತ್ತ: ಏಳನೆಯವರು ಬಂದು ಕೂತಾಗ ಯಾವ ಆಟ?

ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯ ಕೇಳಿವೆ: "ನಮ್ಮದೊಂದು ಗುಂಪಿದೆ, ವಾರಕ್ಕೊಮ್ಮೆ ಸೇರುತ್ತೇವೆ, ಯಾವ ಬೋರ್ಡ್ ಗೇಮ್ ತರೋಣ?" ಹನ್ನೊಂದು ವರ್ಷದಿಂದ ನಾನೂ ಇಂಥದೊಂದು ಗುಂಪು ನಡೆಸಿಕೊಂಡು ಬಂದಿದ್ದೇನೆ. ಶನಿವಾರ ಸಂಜೆ, ಒಂದು ಉದ್ದನೆಯ ಮೇಜು, ಎಂಟು ಕುರ್ಚಿ. ನೂರು ಸಲ ಆಡಿ ಅಂಚು ಸವೆದ ಪೆಟ್ಟಿಗೆಗಳೂ ನಮ್ಮಲ್ಲಿವೆ, ಒಂದೇ ಸಲ ಬಿಚ್ಚಿ ಮತ್ತೆ ಮುಟ್ಟದ ಪೆಟ್ಟಿಗೆಗಳೂ ಇವೆ. ಮುಂದಿನ ಉತ್ತರಗಳೆಲ್ಲ ಆ ಮೇಜಿನ ಮೇಲೆ ಕಲಿತದ್ದು.

ಪ್ರಶ್ನೆ: ನಾವು ಆರು ಜನ, ಕೆಲವೊಮ್ಮೆ ಏಳಾಗುತ್ತೇವೆ. ಎಲ್ಲರೂ ಹೊಗಳುವ, ಅತಿ ಹೆಚ್ಚು ರೇಟಿಂಗ್ ಇರುವ ದೊಡ್ಡ ಆಟವನ್ನೇ ತರಿಸಿದೆವು. ಎರಡು ವಾರಕ್ಕೇ ಮೂವರು ಬರುವುದನ್ನು ನಿಲ್ಲಿಸಿದರು. ನಮ್ಮ ಆಯ್ಕೆ ಎಲ್ಲಿ ತಪ್ಪಿತು?

ಉತ್ತರ: ಮೊದಲಿಗೆ, ಬಾರದೇ ಹೋದ ಆ ಮೂವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ನಮ್ಮ ಗುಂಪು ಶುರುವಾದ ಎರಡನೇ ತಿಂಗಳಲ್ಲಿ ನಾನೂ ಇದನ್ನೇ ಮಾಡಿದ್ದೆ. ಆಟದ ಹೆಸರು ಬೇಡ, ಅದು ಒಳ್ಳೆಯ ಆಟವೇ. ಪೆಟ್ಟಿಗೆ ಎರಡು ಕೈಯಲ್ಲಿ ಎತ್ತುವಷ್ಟು ಭಾರ, ನಿಯಮದ ಪುಸ್ತಕ ಬೆರಳು ದಪ್ಪ. ಏಳು ಗಂಟೆಗೆ ಕೂತವರು ಎದ್ದಾಗ ಹನ್ನೊಂದೂವರೆ ದಾಟಿತ್ತು. ಮಧ್ಯದಲ್ಲೊಮ್ಮೆ ತಲೆ ಎತ್ತಿ ನೋಡಿದೆ. ಮೇಜಿನ ಆ ತುದಿಯಲ್ಲಿ ಕೂತಿದ್ದ ಗೆಳತಿ ತನ್ನ ಪಾಲಿನ ಮರದ ಕಾಯಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. ಎಣಿಸಿದೆ, ಹದಿನಾಲ್ಕು ಕಾಯಿ. ಹದಿನಾಲ್ಕು ಕಾಯಿಯ ಗೋಪುರ ಬೀಳದ ಹಾಗೆ ಕಟ್ಟಬೇಕಾದರೆ ಬೇಕಾದಷ್ಟು ಸಮಯ ಬೇಕು. ಅಷ್ಟು ಹೊತ್ತಿನಿಂದ ಅವಳಿಗೆ ಬೇರೇನೂ ಕೆಲಸ ಇರಲಿಲ್ಲ. ಸರದಿ ಬಂದಾಗ, ಅವಳು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಜಾಗವನ್ನು ಬೇರೆ ಯಾರೋ ಹಿಡಿದಾಗಿತ್ತು. ಮತ್ತೆ ಇಪ್ಪತ್ತು ನಿಮಿಷ ಕಾಯುವ ಕೆಲಸ.

ಆ ಗೋಪುರ ನೋಡಿದ ಮೇಲೆ ಯಾವ ಆಟವೇ ಇರಲಿ, ನಾನು ಕೇಳುವ ಮೊದಲ ಪ್ರಶ್ನೆ ಇದು: ತನ್ನ ಸರದಿ ಇಲ್ಲದಾಗ ಆಟಗಾರ ಏನು ಮಾಡುತ್ತಿರುತ್ತಾನೆ? ರೇಟಿಂಗ್, ಚಿತ್ರ, ಕಾಯಿಗಳ ಅಂದ ಎಲ್ಲ ಆಮೇಲೆ.

ಲೆಕ್ಕ ಹಾಕಿ ನೋಡಿ. ಒಬ್ಬೊಬ್ಬರ ಸರದಿಗೆ ಎರಡು ನಿಮಿಷ ಹಿಡಿದರೆ, ಮೂವರಿದ್ದಾಗ ನೀವು ಕಾಯುವುದು ನಾಲ್ಕು ನಿಮಿಷ. ಆರು ಜನರಿದ್ದರೆ ಹತ್ತು. ಪೆಟ್ಟಿಗೆಯ ಮೇಲೆ '2ರಿಂದ 6 ಆಟಗಾರರು' ಎಂದು ಅಚ್ಚಾಗಿದ್ದರೆ, ಆರು ಜನ ಆಡಲು ಸಾಕಾಗುವಷ್ಟು ಕಾಯಿಗಳು ಒಳಗಿವೆ ಎಂದಷ್ಟೇ ಅರ್ಥ. ಆರು ಜನರಿಗೂ ಅದು ಚೆನ್ನಾಗಿರುತ್ತದೆ ಎಂದಲ್ಲ. ಎಷ್ಟು ಜನರಿಗೆ ಒಂದು ಆಟ ಚೆಂದ ಎಂದು ಬೋರ್ಡ್‌ಗೇಮ್‌ಗೀಕ್ ತಾಣದಲ್ಲಿ ಆಡಿದವರೇ ಮತ ಹಾಕಿರುತ್ತಾರೆ. ರೇಟಿಂಗಿಗಿಂತ ಮೊದಲು ಆ ಮತಗಳನ್ನು ನೋಡಿ. ಅದೇ ಪುಟದಲ್ಲಿ ಆಟದ 'ತೂಕ'ವೂ ಇರುತ್ತದೆ, 1ರಿಂದ 5ರವರೆಗೆ. ತೂಕ ಎಂದರೆ ಆಟ ಎಷ್ಟು ಜಟಿಲ ಎಂಬುದರ ಅಳತೆ. ಪದಗಳ ಆಟ ಕೋಡ್‌ನೇಮ್ಸ್ ಒಂದೂಕಾಲರ ಆಸುಪಾಸಿನಲ್ಲಿದ್ದರೆ ಬೇಸಾಯದ ಆಟ ಅಗ್ರಿಕೋಲ ಮೂರೂವರೆ ದಾಟುತ್ತದೆ. ಹೊಸ ಗುಂಪು ಎರಡೂವರೆ ದಾಟದಿರುವುದು ಕ್ಷೇಮ.

ಆರೇಳು ಜನರಿಗೆ ಎಲ್ಲರ ಕೈಗೂ ಒಟ್ಟಿಗೇ ಕೆಲಸ ಕೊಡುವ ಆಟ ಬೇಕು. ನಾನು ಮೊದಲು ಹೇಳುವುದು ಆಂಟ್ವಾನ್ ಬೌಜಾ ರೂಪಿಸಿದ, 2010ರಲ್ಲಿ ಬಂದ ಸೆವೆನ್ ವಂಡರ್ಸ್. ಮೂವರಿಂದ ಏಳು ಜನ ಆಡಬಹುದು. ಪ್ರತಿಯೊಬ್ಬರಿಗೂ ಏಳು ಕಾರ್ಡು. ಎಲ್ಲರೂ ಏಕಕಾಲಕ್ಕೆ ಒಂದೊಂದು ಆರಿಸಿ ಮುಚ್ಚಿಡುತ್ತಾರೆ, ಒಟ್ಟಿಗೆ ತಿರುಗಿಸುತ್ತಾರೆ, ಉಳಿದ ಕಾರ್ಡುಗಳನ್ನು ಪಕ್ಕದವರಿಗೆ ದಾಟಿಸುತ್ತಾರೆ. ಯುದ್ಧ, ವ್ಯಾಪಾರ ಎಲ್ಲ ಎಡಬಲದ ಇಬ್ಬರ ಜೊತೆ ಮಾತ್ರ. ಹಾಗಾಗಿ ಏಳು ಜನ ಕೂತರೂ ನೀವು ಗಮನಿಸಬೇಕಾದ್ದು ಇಬ್ಬರನ್ನು. ನಾಲ್ವರಿಗೆ ಹಿಡಿಯುವ ಸಮಯಕ್ಕೂ ಏಳು ಜನರಿಗೆ ಹಿಡಿಯುವ ಸಮಯಕ್ಕೂ ಹೆಚ್ಚು ವ್ಯತ್ಯಾಸವೇ ಇಲ್ಲ. ಕಾರ್ಡಿನ ಮೇಲಿನ ಚಿಹ್ನೆಗಳು ಮೊದಲ ದಿನ ಗೊಂದಲ ಮಾಡುತ್ತವೆ. ಮೊದಲ ಆಟವನ್ನು ಅಭ್ಯಾಸ ಎಂದೇ ಹೇಳಿ ಆಡಿಸಿ, ಅಂಕ ಎಣಿಸುವುದೂ ಬೇಡ.

ಅಷ್ಟೂ ಬೇಡವೆಂದರೆ ವುಲ್ಫ್‌ಗ್ಯಾಂಗ್ ಕ್ರಾಮರ್ ಅವರ ಸಿಕ್ಸ್ ನಿಮ್ಟ್ ಇದೆ. 1994ರ ಆಟ, 1ರಿಂದ 104ರವರೆಗಿನ ಕಾರ್ಡುಗಳು, ಹತ್ತು ಜನರವರೆಗೂ ಆಡಬಹುದು. ಇಲ್ಲೂ ಎಲ್ಲರೂ ಒಟ್ಟಿಗೆ ಒಂದೊಂದು ಕಾರ್ಡು ತಿರುಗಿಸುತ್ತಾರೆ. ಚಿಕ್ಕ ಸಂಖ್ಯೆಯಿಂದ ಶುರು ಮಾಡಿ ನಾಲ್ಕು ಸಾಲುಗಳಲ್ಲಿ ಜೋಡಿಸಬೇಕು. ಸಾಲಿನಲ್ಲಿ ಆರನೆಯ ಕಾರ್ಡು ಇಡಬೇಕಾದವರು ಮೊದಲಿನ ಐದನ್ನೂ ಎತ್ತಿಕೊಳ್ಳಬೇಕು, ಅವುಗಳ ಮೇಲಿರುವ ಗೂಳಿ ತಲೆಗಳೆಲ್ಲ ಅವರ ದಂಡ. ಐದು ಕಾರ್ಡು ಸೇರಿದ ಸಾಲಿನ ಮುಂದೆ ಏಳು ಜನ ಉಸಿರು ಬಿಗಿಹಿಡಿದು ಕೂರುವುದನ್ನು ನೋಡಬೇಕು! ಮೇಜಿನ ಯಾವ ತುದಿಯಲ್ಲೂ ಯಾರೂ ಗೋಪುರ ಕಟ್ಟುವುದಿಲ್ಲ.

ಇನ್ನೊಂದು ದಾರಿಯನ್ನು ತುಂಬ ಗುಂಪುಗಳು ಸಂಕೋಚದಿಂದ ಬಿಟ್ಟುಬಿಡುತ್ತವೆ: ಮೂರು ಮೂರು ಜನರ ಎರಡು ಮೇಜು. ಒಟ್ಟಿಗೆ ಸೇರಿ ಬೇರೆ ಬೇರೆ ಕೂರುವುದೇ ಎಂದು ಅನ್ನಿಸುತ್ತದೆ, ನಿಜ. ಆದರೆ ಮೂವರು ಆಡುವ ಕ್ಯಾಟನ್ ಎಷ್ಟು ಚುರುಕಾಗಿರುತ್ತದೆ ಎಂದು ಒಮ್ಮೆ ನೋಡಿದರೆ ಆ ಸಂಕೋಚ ಹೋಗುತ್ತದೆ. ಕ್ಯಾಟನ್ ಮೂಲ ಪೆಟ್ಟಿಗೆ ಇರುವುದೇ ಮೂರು ನಾಲ್ಕು ಜನರಿಗೆ. ಅಲ್ಲಿ ದಾಳ ಯಾರೇ ಹಾಕಲಿ, ಆ ಸಂಖ್ಯೆಯ ನೆಲದ ಪಕ್ಕ ಯಾರ ಮನೆಯಿದೆಯೋ ಅವರಿಗೆಲ್ಲ ಫಸಲು. ಬೇರೆಯವರ ಸರದಿಯಲ್ಲೂ ನಿಮ್ಮ ಕೈಗೆ ಏನೋ ಬರುತ್ತಿರುತ್ತದೆ, ಚೌಕಾಸಿ ನಡೆಯುತ್ತಿರುತ್ತದೆ. ಕ್ಲಾಸ್ ಟಾಯ್ಬರ್ 1995ರಲ್ಲಿ ತಂದ ಈ ಆಟ ಇಷ್ಟು ವರ್ಷ ಉಳಿದದ್ದಕ್ಕೆ ಇದೊಂದು ದೊಡ್ಡ ಕಾರಣ ಎಂದು ನನ್ನ ನಂಬಿಕೆ. ಮೊದಲ ಒಂದು ಗಂಟೆ ಎರಡು ಮೇಜು ಮಾಡಿ, ಕೊನೆಗೆ ಎಲ್ಲರೂ ಸೇರಿ ಸಿಕ್ಸ್ ನಿಮ್ಟ್ ಆಡಿ. ಹೋದ ಮೂವರನ್ನು ಆ ದಿನಕ್ಕೆ ಕರೆಯಿರಿ. "ದೊಡ್ಡ ಪೆಟ್ಟಿಗೆ ಇವತ್ತು ಕಪಾಟಿನಿಂದ ಇಳಿಯುವುದಿಲ್ಲ" ಎಂದು ಮೊದಲೇ ಹೇಳಿಬಿಡಿ.

ಪ್ರಶ್ನೆ: ಹರಡುವ ರೋಗಗಳನ್ನು ತಡೆಯಲು ಎಲ್ಲರೂ ಸೇರಿ ಆಟದ ವಿರುದ್ಧ ಆಡುವ ಪ್ಯಾಂಡೆಮಿಕ್ ನಮ್ಮ ನಾಲ್ವರಿಗೂ ಇಷ್ಟ. ಆದರೆ ನಮ್ಮಲ್ಲೊಬ್ಬರು ಎಲ್ಲರ ನಡೆಯನ್ನೂ ತಾವೇ ಹೇಳುತ್ತಾರೆ. ಅವರು ಹೇಳುವುದು ಸರಿಯಾಗಿಯೇ ಇರುತ್ತದೆ, ಅದಕ್ಕೇ ಎದುರು ಮಾತನಾಡಲೂ ಆಗುವುದಿಲ್ಲ.

ಉತ್ತರ: ಅವರದು ದುರುದ್ದೇಶವಲ್ಲ, ಗೆಲ್ಲುವ ಆಸೆ. ಮ್ಯಾಟ್ ಲೀಕಾಕ್ ರೂಪಿಸಿದ ಪ್ಯಾಂಡೆಮಿಕ್‌ನಲ್ಲಿ ಎಲ್ಲ ಮಾಹಿತಿಯೂ ಬಯಲಿನಲ್ಲೇ ಇರುತ್ತದೆ. ನಾಲ್ಕು ರೋಗ, 48 ನಗರ, ಒಬ್ಬೊಬ್ಬರಿಗೆ ನಾಲ್ಕು ನಡೆ. ಒಬ್ಬ ಜಾಣ ಎಲ್ಲರ ಪರವಾಗಿ ಯೋಚಿಸುವುದನ್ನು ಆ ನಿಯಮಗಳು ತಡೆಯುವುದಿಲ್ಲ. ಅಲ್ಲಿಗೆ ನಿಮ್ಮ ಸರದಿಯೂ ನಿಮ್ಮದಲ್ಲ, ಉಳಿದದ್ದು ಕಾಯಿ ಸರಿಸುವ ಕೆಲಸ.

ಅವರನ್ನು ತಿದ್ದಲು ಹೋಗಬೇಡಿ, ಆಟ ಬದಲಿಸಿ. ಒಬ್ಬರಿಗೇ ಎಲ್ಲವೂ ಗೊತ್ತಾಗದ ಸಹಕಾರದ ಆಟಗಳಿವೆ. ಹನಾಬಿಯಲ್ಲಿ ನಿಮ್ಮ ಕಾರ್ಡುಗಳ ಮುಖ ಎದುರಿನವರ ಕಡೆ ಇರುತ್ತದೆ. ನಿಮ್ಮ ಕೈಯಲ್ಲಿ ಏನಿದೆ ಎಂದು ನಿಮ್ಮನ್ನು ಬಿಟ್ಟು ಎಲ್ಲರಿಗೂ ಕಾಣುತ್ತದೆ. 'ಇವೆರಡು ಕೆಂಪು', 'ಇದು ಒಂದು' ಎಂಬಂಥ ಸುಳಿವು ಮಾತ್ರ ಕೊಡಬಹುದು, ಅದಕ್ಕೂ ಎಂಟೇ ಬಿಲ್ಲೆ. ಐದು ಬಣ್ಣ, ಪ್ರತಿ ಬಣ್ಣದಲ್ಲಿ ಒಂದರಿಂದ ಐದು, ಪೂರ್ತಿ ಜೋಡಿಸಿದರೆ 25 ಅಂಕ. ನಮ್ಮ ಗುಂಪು 25 ಮುಟ್ಟಿದ್ದು ಒಂದೇ ಒಂದು ಸಲ. ಆ ರಾತ್ರಿ ಯಾರಿಗೂ ಎದ್ದು ಹೋಗುವ ಮನಸ್ಸಿರಲಿಲ್ಲ.

ನಿಮ್ಮ ನಾಲ್ವರಿಗೆ ನಾನು ಒತ್ತಿ ಹೇಳುವುದು ದ ಕ್ರೂ. ಥಾಮಸ್ ಸಿಂಗ್ ಅವರ 2019ರ ಆಟ. ತುರುಫು ಆಡಿ ಗೊತ್ತಿದ್ದವರಿಗೆ ಎರಡು ನಿಮಿಷದಲ್ಲಿ ಅರ್ಥವಾಗುತ್ತದೆ: ಒಬ್ಬರು ಯಾವ ಬಣ್ಣದ ಎಲೆ ಹಾಕಿದರೋ ಉಳಿದವರು ಅದೇ ಬಣ್ಣ ಹಾಕಬೇಕು, ದೊಡ್ಡ ಎಲೆ ಹಾಕಿದವರಿಗೆ ಅಷ್ಟೂ ಸೇರುತ್ತದೆ. ನಾಲ್ಕು ಬಣ್ಣ, 1ರಿಂದ 9. ಜೊತೆಗೆ ನಾಲ್ಕು ರಾಕೆಟ್ ಎಲೆಗಳು, ಅವೇ ತುರುಫು. ಆದರೆ ಇಲ್ಲಿ ಗೆಲ್ಲುವುದೂ ಸೋಲುವುದೂ ಎಲ್ಲರೂ ಒಟ್ಟಿಗೆ. ಹಸಿರು ಏಳು ಇಂಥವರಿಗೇ ಸೇರಬೇಕು, ಹಳದಿ ಮೂರು ಅಂಥವರಿಗೇ ಸೇರಬೇಕು ಎಂಬಂಥ ಕೆಲಸಗಳಿರುತ್ತವೆ, ಮಾತನಾಡುವ ಹಾಗಿಲ್ಲ. ಒಂದು ಕಾರ್ಯಾಚರಣೆಯಲ್ಲಿ ಒಬ್ಬೊಬ್ಬರಿಗೆ ಒಂದು ಅವಕಾಶ. ಒಂದು ಎಲೆ ತೆರೆದಿಟ್ಟು, ಆ ಬಣ್ಣದಲ್ಲಿ ನನ್ನ ಬಳಿ ಇದೇ ದೊಡ್ಡದು, ಇದೇ ಚಿಕ್ಕದು, ಅಥವಾ ಇದೊಂದೇ ಇರುವುದು ಎಂದು ಬಿಲ್ಲೆ ಇಟ್ಟು ತೋರಿಸಬಹುದು, ಅಷ್ಟೇ. ಒಟ್ಟು 50 ಕಾರ್ಯಾಚರಣೆ, ಮೊದಲನೆಯದು ಐದು ನಿಮಿಷಕ್ಕೇ ಮುಗಿಯುತ್ತದೆ. ನಮ್ಮಲ್ಲೂ ನಿಮ್ಮವರಂಥ ಒಬ್ಬ ಗೆಳೆಯನಿದ್ದಾನೆ. ಮೊದಲ ದಿನ ಅವನು ತುಟಿ ಬಿಗಿದುಕೊಂಡು, ಎಲೆ ಹಿಡಿದ ಕೈಯನ್ನು ಎದೆಗೊತ್ತಿಕೊಂಡು ಕೂತಿದ್ದ. ಪಕ್ಕದವರು ಸರಿಯಾದ ಎಲೆ ಹಾಕಿದಾಗ ಅವನ ಮುಖ ಅರಳಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ತಾನು ಹೇಳದೆಯೂ ಇವರಿಗೆ ಹೊಳೆಯುತ್ತದೆ ಎಂದು ಅವನಿಗೆ ಮೊದಲ ಸಲ ಗೊತ್ತಾದ ದಿನ ಅದು.

ಪ್ಯಾಂಡೆಮಿಕ್ ಮಾರಬೇಡಿ. ಕ್ರೂ ಆಡಿ ಎರಡು ಮೂರು ತಿಂಗಳಾದ ಮೇಲೆ ಮತ್ತೆ ತೆಗೆಯಿರಿ.

ಪ್ರಶ್ನೆ: ನಮ್ಮ ಗುಂಪಿನಲ್ಲಿ ಅಮ್ಮನ ವಯಸ್ಸಿನವರೂ ಇದ್ದಾರೆ, ಈಗಷ್ಟೇ ಓದಲು ಕಲಿತ ಮಕ್ಕಳೂ ಇದ್ದಾರೆ. ಇಂಗ್ಲಿಷಿನ ಕಾರ್ಡುಗಳನ್ನು ಎಲ್ಲರಿಗೂ ಓದಿ ಹೇಳುವುದೇ ಒಂದು ಕೆಲಸವಾಗಿದೆ. ಕೋಡ್‌ನೇಮ್ಸ್ ಆಡುವ ಆಸೆಯಂತೂ ಇದೆ.

ಉತ್ತರ: ಬಹಳ ಇಷ್ಟವಾದ ಪ್ರಶ್ನೆ. ಕಾರ್ಡು ಓದಲಾಗದವರು ತಮ್ಮ ಸರದಿಯಲ್ಲೂ ಕಾಯುತ್ತಿರುತ್ತಾರೆ, ಬೇರೆಯವರ ಸರದಿಯಲ್ಲಂತೂ ಆಟದ ಹೊರಗೇ ಇರುತ್ತಾರೆ. ಆದ್ದರಿಂದ ಅಂಗಡಿಯಲ್ಲಿ ಪೆಟ್ಟಿಗೆಯ ಹಿಂಬದಿಯ ಚಿತ್ರ ನೋಡುವಾಗ ಕಾರ್ಡುಗಳ ಮೇಲೆ ಅಕ್ಷರ ಎಷ್ಟಿದೆ ಎಂದು ಮೊದಲು ನೋಡಿ. ವಿಂಗ್‌ಸ್ಪ್ಯಾನ್ ತುಂಬ ಸೊಗಸಾದ ಆಟ, 170 ಹಕ್ಕಿಗಳು, ಆದರೆ ಬಹುತೇಕ ಹಕ್ಕಿಗಳ ಕಾರ್ಡಿನಲ್ಲಿ ಓದಬೇಕಾದ ಸಾಲುಗಳಿವೆ. ಈ ಗುಂಪಿಗೆ ಈಗ ಬೇಡ. ಅಜೂಲ್‌ನಲ್ಲಿ ಓದುವುದೇನೂ ಇಲ್ಲ, ಐದು ಬಗೆಯ ಬಿಲ್ಲೆಗಳನ್ನು ಗೋಡೆಯ ಮೇಲೆ ಜೋಡಿಸುವುದಷ್ಟೇ, ನಾಲ್ವರವರೆಗೆ. ಕಾರ್ಕಸೋನ್‌ನಲ್ಲಿ 72 ನೆಲದ ತುಂಡುಗಳು, ಎಲ್ಲ ಚಿತ್ರವೇ. ಡಿಕ್ಸಿಟ್‌ನ 84 ಕಾರ್ಡುಗಳಲ್ಲಿ ಒಂದು ಅಕ್ಷರವೂ ಇಲ್ಲ. ಕನಸಿನಂಥ ಚಿತ್ರಗಳು, ಒಬ್ಬರು ತಮ್ಮ ಚಿತ್ರಕ್ಕೊಂದು ಮಾತು ಹೇಳುತ್ತಾರೆ, ಉಳಿದವರು ಆ ಮಾತಿಗೆ ಹೊಂದುವ ಚಿತ್ರವನ್ನು ತಮ್ಮ ಕೈಯಿಂದ ಹಾಕುತ್ತಾರೆ. ಮಾತು ಹೇಳಿದವರ ಚಿತ್ರ ಯಾವುದೆಂದು ಎಲ್ಲರೂ ಕಂಡುಹಿಡಿದರೂ ಅವರಿಗೆ ಸೊನ್ನೆ, ಯಾರೂ ಕಂಡುಹಿಡಿಯದಿದ್ದರೂ ಸೊನ್ನೆ. ಮಾತು ತೀರಾ ಬಿಚ್ಚಿಯೂ ಇರಬಾರದು, ತೀರಾ ಮುಚ್ಚಿಯೂ ಇರಬಾರದು. ಅಮ್ಮನ ವಯಸ್ಸಿನವರು ಇದರಲ್ಲಿ ಎಲ್ಲರನ್ನೂ ಮೀರಿಸುತ್ತಾರೆ, ನೋಡುತ್ತಿರಿ.

ಇನ್ನು ಕೋಡ್‌ನೇಮ್ಸ್. ವ್ಲಾದಾ ಹ್ವಾತಿಲ್ ಅವರ ಈ 2015ರ ಆಟಕ್ಕೆ ಬೇಕಾದದ್ದು ಇಷ್ಟೇ: ಐದು ಸಾಲಿನಲ್ಲಿ ಐದೈದರಂತೆ 25 ಪದಗಳು. ಎರಡು ತಂಡ. ಒಂದು ತಂಡದ ಪದಗಳು ಒಂಬತ್ತು, ಇನ್ನೊಂದರದ್ದು ಎಂಟು, ಏಳು ಯಾರದ್ದೂ ಅಲ್ಲ, ಒಂದು ಮಾತ್ರ ಕೊಲೆಗಾರ. ಅದನ್ನು ಮುಟ್ಟಿದ ತಂಡ ಅಲ್ಲಿಗೇ ಸೋತಿತು. ಯಾವ ಪದ ಯಾರದೆಂದು ತಿಳಿದಿರುವ ನಾಯಕರು ಸುಳಿವಾಗಿ ಒಂದು ಪದವನ್ನೂ, ಅದಕ್ಕೆ ಎಷ್ಟು ಪದ ಹೊಂದುತ್ತವೆ ಎಂಬ ಒಂದು ಸಂಖ್ಯೆಯನ್ನೂ ಮಾತ್ರ ಹೇಳಬಹುದು, ಆ ಪದಗಳನ್ನು ತಂಡದವರು ಹುಡುಕಬೇಕು.

ಪೆಟ್ಟಿಗೆಯ ಪದಗಳು ಇಂಗ್ಲಿಷಿನವು ಎಂದು ಕೊರಗಬೇಕಿಲ್ಲ. ನಿಮ್ಮ ಪದಗಳನ್ನು ನೀವೇ ಬರೆಯಿರಿ. ನಾವು ಒಂದು ಮಧ್ಯಾಹ್ನ ಕೂತು ದಪ್ಪ ಕಾಗದ ಕತ್ತರಿಸಿ ಇನ್ನೂರು ಪದ ಬರೆದೆವು. ಪದವನ್ನು ಎರಡು ಸಲ ಬರೆಯಿರಿ, ಒಂದು ನಿಮ್ಮ ಕಡೆಗೆ, ಇನ್ನೊಂದು ತಲೆಕೆಳಗಾಗಿ ಎದುರಿನವರ ಕಡೆಗೆ. ಮುಖ್ಯವಾದ ಮಾತು, ಒಂದಕ್ಕಿಂತ ಹೆಚ್ಚು ಅರ್ಥವಿರುವ ಪದಗಳನ್ನೇ ಹುಡುಕಿ. ನಮ್ಮ ನುಡಿಯಲ್ಲಿ ಅವಕ್ಕೇನು ಕೊರತೆಯೇ? ಹೊಳೆ, ಎಲೆ, ಕಾಲು, ಅರಸು, ಮುತ್ತು, ಹತ್ತು, ಗುಂಡಿ, ನೆರೆ, ಅಂಕ, ದಳ, ಕರೆ. 'ಗುಂಡಿ' ಅಂಗಿಯದೂ ಆಗಬಹುದು, ರಸ್ತೆಯದೂ ಆಗಬಹುದು. 'ಕಾಲು' ದೇಹದಲ್ಲೂ ಇದೆ, ಲೆಕ್ಕದಲ್ಲೂ ಇದೆ. 'ಅರಸು' ಸಿಂಹಾಸನದ ಮೇಲೆ ಕೂತಿರಬಹುದು, ಕಳೆದದ್ದನ್ನು ಹುಡುಕುತ್ತಲೂ ಇರಬಹುದು. ಒಂದೇ ಅರ್ಥದ ಪದಗಳು ತುಂಬಿದರೆ ಆಟ ಸಪ್ಪೆಯಾಗುತ್ತದೆ.

ನಮ್ಮ ಗುಂಪಿಗೆ ಬರುವ ಒಬ್ಬರು ಹಿರಿಯರು, ನನ್ನ ಅತ್ತಿಗೆಯ ತಾಯಿ, ಇಂಗ್ಲಿಷ್ ಪೆಟ್ಟಿಗೆ ಆಡುವಾಗ ಪಕ್ಕದಲ್ಲಿ ಕೂತು ನೋಡುತ್ತಿದ್ದರು, ಅಷ್ಟೇ. ಕನ್ನಡದ ಕಾರ್ಡು ಹರಡಿದ ದಿನ ಅವರನ್ನೇ ನಾಯಕಿ ಮಾಡಿದೆವು. ಅವರು ಕಾರ್ಡುಗಳ ಮೇಲೆ ನಿಧಾನವಾಗಿ ಕಣ್ಣಾಡಿಸಿ, "ಮುಪ್ಪು, ಎರಡು" ಎಂದರು. 'ಕೋಲು' ಎಲ್ಲರಿಗೂ ಸಿಕ್ಕಿತು. ಎರಡನೆಯದು? ತಂಡದವರು 'ಮರ' ಎಂದರು, 'ಬೇರು' ಎಂದರು, ಒಬ್ಬರ ಬೆರಳು 'ಸಂಜೆ'ಯವರೆಗೂ ಹೋಯಿತು. 'ನೆರೆ' ಎಂಬ ಪದದ ಮೇಲೆ ಯಾರ ಕಣ್ಣೂ ನಿಲ್ಲಲಿಲ್ಲ, ಎಲ್ಲರ ತಲೆಯಲ್ಲೂ ಅದು ಉಕ್ಕಿ ಹರಿಯುವ ನೀರು. ಕೊನೆಗೆ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಅಜ್ಜಿಯ ತಲೆಯನ್ನೇ ದಿಟ್ಟಿಸಿ ನೋಡಿ "ನೆರೆಗೂದಲು!" ಎಂದು ಕೂಗಿದಳು. ಆಮೇಲಿನ ಗದ್ದಲ ಹೇಳತೀರದು. ಆ ಅಜ್ಜಿ ಈಗ ಶನಿವಾರ ಎಲ್ಲರಿಗಿಂತ ಮೊದಲು ಬರುತ್ತಾರೆ, ಹೊಸ ಪದ ಹೊಳೆದರೆ ಚೀಟಿಯಲ್ಲಿ ಬರೆದುಕೊಂಡೇ ಬರುತ್ತಾರೆ.

ಇದೇ ರೀತಿ ಜಸ್ಟ್ ಒನ್ ಕೂಡ ಆಡಬಹುದು. ಒಬ್ಬರು ಪದ ಊಹಿಸಬೇಕು, ಉಳಿದವರು ಒಬ್ಬೊಬ್ಬರೂ ಒಂದೊಂದು ಸುಳಿವು ಬರೆಯಬೇಕು, ಇಬ್ಬರು ಒಂದೇ ಸುಳಿವು ಬರೆದರೆ ಆ ಎರಡೂ ರದ್ದು. ಏಳು ಜನರವರೆಗೆ. ಎಲ್ಲರೂ ಒಟ್ಟಿಗೆ ಬರೆಯುವುದರಿಂದ ಕಾಯುವ ಮಾತೇ ಇಲ್ಲ.

ಪ್ರಶ್ನೆ: ನಮ್ಮ ಗೆಳೆಯರೊಬ್ಬರು ಪ್ರತಿ ಸರದಿಗೂ ಐದು ನಿಮಿಷ ಯೋಚಿಸುತ್ತಾರೆ. ಮರಳು ಗಡಿಯಾರ ಇಡೋಣವೇ?

ಉತ್ತರ: ಬೇಡ. ಅವರೊಬ್ಬರಿಗಾಗಿ ಗಡಿಯಾರ ಇಟ್ಟರೆ ಅದು ಎಲ್ಲರ ಮುಂದೆ ಬೆರಳು ಮಾಡಿ ತೋರಿಸಿದ ಹಾಗೆ. ಯೋಚನೆ ಉದ್ದವಾಗುವುದು ಆಯ್ಕೆಗಳು ಹೆಚ್ಚಿದ್ದಾಗ. ಆಯ್ಕೆ ಕಡಿಮೆ ಇರುವ ಆಟ ಕೊಡಿ. ಅಲನ್ ಆರ್. ಮೂನ್ ಅವರ ರೈಲಿನ ಆಟ ಟಿಕೆಟ್ ಟು ರೈಡ್‌ನಲ್ಲಿ ಸರದಿಗೆ ಮೂರರಲ್ಲಿ ಒಂದೇ ಕೆಲಸ: ಕಾರ್ಡು ಎತ್ತುವುದು, ಹಳಿಯ ಮೇಲೆ ರೈಲು ಇಡುವುದು, ಇಲ್ಲವೇ ಹೊಸ ಟಿಕೆಟ್ ತೆಗೆದುಕೊಳ್ಳುವುದು. ಲವ್ ಲೆಟರ್ ಮೊದಲು ಬಂದಾಗ ಅದರಲ್ಲಿ ಇದ್ದದ್ದೇ 16 ಕಾರ್ಡು. ನಿಮ್ಮ ಕೈಯಲ್ಲಿ ಎರಡು, ಅವುಗಳಲ್ಲಿ ಒಂದನ್ನು ಹಾಕಬೇಕು.

ಕಾರ್ಕಸೋನ್ ಆಡುವುದಾದರೆ ನಾವು ಮಾಡುವುದನ್ನು ನೀವೂ ಮಾಡಿ. ಸರದಿಯ ಶುರುವಿನಲ್ಲಿ ತುಂಡು ಎತ್ತುವ ಬದಲು, ನಿಮ್ಮ ಸರದಿ ಮುಗಿದ ಕೂಡಲೇ ಮುಂದಿನದಕ್ಕೆ ಎತ್ತಿಟ್ಟುಕೊಳ್ಳಿ. ಉಳಿದವರು ಆಡುವಷ್ಟು ಹೊತ್ತು ಅದನ್ನು ಎಲ್ಲಿಡಬೇಕೆಂದು ಯೋಚಿಸಬಹುದು. ನಿಧಾನವಾಗಿ ಯೋಚಿಸುವವರಿಗೆ ಬೇಕಾದ ಸಮಯ ಸಿಕ್ಕಿತು, ಬೇರೆ ಯಾರಿಗೂ ಕಾಯುವ ಕೆಲಸವಾಗಲಿಲ್ಲ.

ಪ್ರಶ್ನೆ: ಹೊಸಬರಿಗೆ ನಿಯಮ ಹೇಳಿಕೊಡುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಕೊನೆಗೆ "ಆಡುತ್ತಾ ಗೊತ್ತಾಗುತ್ತದೆ ಬಿಡಿ" ಎನ್ನುತ್ತಾರೆ, ಗೊತ್ತಾಗುವುದಿಲ್ಲ.

ಉತ್ತರ: ಪುಸ್ತಕ ಇರುವ ಕ್ರಮದಲ್ಲಿ ಹೇಳಬೇಡಿ. ಮೊದಲು ಗೆಲ್ಲುವುದು ಹೇಗೆ, ಆಟ ಮುಗಿಯುವುದು ಯಾವಾಗ ಎಂಬುದು. ಆಮೇಲೆ ಒಂದು ಸರದಿಯಲ್ಲಿ ಏನು ಮಾಡಬಹುದು ಎಂಬುದು. ಅಪರೂಪಕ್ಕೆ ಬರುವ ನಿಯಮಗಳು ಅವು ಎದುರಾದಾಗ. ಟಿಕೆಟ್ ಟು ರೈಡ್ ಹೇಳಿಕೊಡುವಾಗ ನಾನು ಮೊದಲು ಕೈಗೆತ್ತಿಕೊಳ್ಳುವುದು ಪುಟ್ಟ ರೈಲುಗಳನ್ನು. "ನಿಮ್ಮ ಹತ್ತಿರ 45 ಇವೆ. ಯಾರದಾದರೂ ಎರಡು ಅಥವಾ ಅದಕ್ಕಿಂತ ಕಡಿಮೆ ಉಳಿದ ಕೂಡಲೇ ಎಲ್ಲರಿಗೂ ಇನ್ನೊಂದೊಂದು ಸರದಿ, ಆಟ ಮುಗಿಯಿತು." ಇಷ್ಟು ಕೇಳಿದ ಮೇಲೆ ಉಳಿದದ್ದೆಲ್ಲ ತಂತಾನೇ ಅದರ ಸುತ್ತ ಕೂರುತ್ತದೆ. ಆಮೇಲೆ ಎಲ್ಲರ ಕಾರ್ಡುಗಳನ್ನೂ ತೆರೆದಿಟ್ಟು ಒಂದು ಸುತ್ತು ಆಡಿ, ಮತ್ತೆ ಕಲೆಸಿ ಹೊಸದಾಗಿ ಶುರು ಮಾಡಿ.

ಹೇಳಿಕೊಡುವವರು ಹಿಂದಿನ ದಿನವೇ ಒಬ್ಬರೇ ಕೂತು, ಎರಡು ಕಡೆಗೂ ತಾವೇ ಆಡಿ ನೋಡಿರಬೇಕು. ಇದರಲ್ಲಿ ನಾನು ರಾಜಿಯಾಗುವುದಿಲ್ಲ. ಆರು ಜನರನ್ನು ಕೂರಿಸಿಕೊಂಡು ಪುಸ್ತಕ ತಿರುವಿಹಾಕುವುದು ಅವರ ಸಂಜೆಗೆ ಮಾಡುವ ಅನ್ಯಾಯ.

ಪ್ರಶ್ನೆ: ಯಾರು ಒಳ್ಳೆಯವರು, ಯಾರು ದ್ರೋಹಿಗಳು ಎಂಬುದು ಗುಟ್ಟಾಗಿರುವ ಅವಲಾನ್ ಆಡುವಾಗ ಸುಳ್ಳು ಹೇಳಬೇಕಾಗುತ್ತದೆ. ನಮ್ಮಲ್ಲಿ ಒಬ್ಬರಿಗೆ ಅದು ಆಗುವುದೇ ಇಲ್ಲ, ಮುಖ ಕೆಂಪಾಗಿ ಬೇಸರ ಮಾಡಿಕೊಳ್ಳುತ್ತಾರೆ. ರೂಢಿಯಾಗುತ್ತದೆಯೇ?

ಉತ್ತರ: ಕೆಲವರಿಗೆ ಆಗುತ್ತದೆ, ಕೆಲವರಿಗೆ ಆಗುವುದಿಲ್ಲ, ಆಗಲೇಬೇಕೆಂದೂ ಇಲ್ಲ. ಅವರು ಬಂದ ದಿನ ಆ ಪೆಟ್ಟಿಗೆ ಬೇಡ. ಅವರಿಲ್ಲದ ದಿನ ಧಾರಾಳವಾಗಿ ಆಡಿ. ಅವಲಾನ್‌ನಲ್ಲಿ ಯಾರೂ ಮಧ್ಯದಲ್ಲಿ ಆಟದಿಂದ ಹೊರಬೀಳುವುದಿಲ್ಲ, ಅದು ಅದರ ದೊಡ್ಡ ಗುಣ. ಅದೇ ಬಗೆಯ, ಅದಕ್ಕೂ ಹಳೆಯ ಮಾಫಿಯಾ ಆಟದಲ್ಲಿ ಮೊದಲ ರಾತ್ರಿಯೇ 'ಸತ್ತವರು' ಉಳಿದಷ್ಟು ಹೊತ್ತೂ ಗೋಡೆಗೊರಗಿ ಕೂರಬೇಕು. ಅದನ್ನು ನಾನು ಯಾವ ಗುಂಪಿಗೂ ಹೇಳುವುದಿಲ್ಲ.

ಪ್ರಶ್ನೆ: ಕಾರ್ಡಿನ ಆಟ ಡೊಮಿನಿಯನ್ ತಂದು ಒಂದು ತಿಂಗಳಾಯಿತು. ಈಗಲೇ ಅದಕ್ಕೆ ಸೇರಿಸುವ ವಿಸ್ತರಣೆಯ ಪೆಟ್ಟಿಗೆಗಳನ್ನೂ ಕೊಂಡರೆ ಹೇಗೆ?

ಉತ್ತರ: ಕಾಯಿರಿ. ಡೊಮಿನಿಯನ್‌ನ 2008ರ ಮೊದಲ ಪೆಟ್ಟಿಗೆಯಲ್ಲಿ ಆಟದಿಂದ ಆಟಕ್ಕೆ ಬದಲಿಸಿಕೊಳ್ಳಲು ಇದ್ದದ್ದು 25 ಬಗೆಯ ಕಾರ್ಡು, ಒಂದು ಆಟಕ್ಕೆ ಅವುಗಳಲ್ಲಿ ಹತ್ತು. 25ರಲ್ಲಿ ಹತ್ತನ್ನು 32,68,760 ರೀತಿ ಆರಿಸಬಹುದು. ನೀವು ಒಂದು ತಿಂಗಳಲ್ಲಿ ಎಷ್ಟು ನೋಡಿರುತ್ತೀರಿ? ಆ ದುಡ್ಡಿನಲ್ಲಿ ಬೇರೆ ಜಾತಿಯ ಆಟವೊಂದು ಬರಲಿ. ಕ್ಯಾಟನ್‌ಗೆ ಐದಾರು ಜನರ ವಿಸ್ತರಣೆಯನ್ನೂ ಹಲವರು ಕೇಳಿದ್ದೀರಿ. ಅದಕ್ಕೆ ಮೊದಲ ಪ್ರಶ್ನೆಯ ಉತ್ತರವೇ ಉತ್ತರ, ನಾನಾದರೆ ಎರಡು ಮೇಜು ಹಾಕುತ್ತೇನೆ.

ಪ್ರಶ್ನೆ: ಪೆಟ್ಟಿಗೆಯ ಮೇಲೆ ಕೆಂಪು ಕಾಯಿಯ ಗುರುತು ಇರುವುದನ್ನೇ ಕೊಳ್ಳಬೇಕೆಂದು ಒಬ್ಬರು ಹೇಳಿದರು. ಏನದು?

ಉತ್ತರ: ಜರ್ಮನಿಯ ಷ್ಪೀಲ್ ದೆಸ್ ಯಾರೆಸ್, ಅಂದರೆ 'ವರ್ಷದ ಆಟ' ಪ್ರಶಸ್ತಿಯ ಗುರುತು. 1979ರಿಂದ ಕೊಡುತ್ತಿದ್ದಾರೆ. ಕ್ಯಾಟನ್, ಕಾರ್ಕಸೋನ್, ಟಿಕೆಟ್ ಟು ರೈಡ್, ಡೊಮಿನಿಯನ್, ಡಿಕ್ಸಿಟ್, ಹನಾಬಿ, ಕೋಡ್‌ನೇಮ್ಸ್, ಅಜೂಲ್, ಜಸ್ಟ್ ಒನ್ ಎಲ್ಲವೂ ಅದನ್ನು ಪಡೆದವೇ. ಮನೆಮಂದಿ ಒಟ್ಟಿಗೆ ಕೂತು ಆಡುವ ಆಟಗಳನ್ನು ಅವರು ಹುಡುಕುವುದರಿಂದ ಹೊಸ ಗುಂಪಿಗೆ ಆ ಗುರುತು ನಂಬಬಹುದಾದದ್ದು. ನೀಲಿ ಕಾಯಿ ಮಕ್ಕಳ ಆಟಕ್ಕೆ. ಕಡುಬೂದು ಕಾಯಿ, 2011ರಿಂದ, ಸ್ವಲ್ಪ ಪಳಗಿದವರಿಗೆ. ಸೆವೆನ್ ವಂಡರ್ಸ್, ವಿಂಗ್‌ಸ್ಪ್ಯಾನ್, ದ ಕ್ರೂ ಆ ಸಾಲಿನವು. ಆದರೆ ನಿಮ್ಮ ಮೇಜಿನಲ್ಲಿ ಎಷ್ಟು ಜನ ಕೂರುತ್ತಾರೆಂದು ಆ ತೀರ್ಪುಗಾರರಿಗೆ ಗೊತ್ತಿಲ್ಲ, ಅದನ್ನು ನೀವೇ ನೋಡಬೇಕು.

ಪ್ರಶ್ನೆ: ನನಗೆ ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ. ಪ್ರತಿ ಸಲ ಕೇಳಿ ಆಡುವುದು ಮುಜುಗರ.

ಉತ್ತರ: ಬಣ್ಣದ ಜೊತೆಗೆ ಚಿಹ್ನೆಯೂ ಇರುವ ಆಟ ಆರಿಸಿ. ಟಿಕೆಟ್ ಟು ರೈಡ್‌ನ ಕಾರ್ಡುಗಳಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಬೇರೆ ಗುರುತಿದೆ. ಕಾಯಿಗಳದೇ ತೊಂದರೆಯಾದರೆ ನಿಮ್ಮ ಕಾಯಿಗಳ ನೆತ್ತಿಗೆ ಮಾರ್ಕರ್‌ನಿಂದ ಒಂದು ಕಪ್ಪು ಚುಕ್ಕೆ ಇಡಿ. ಗುಂಪಿನವರಿಗೆ ಒಮ್ಮೆ ಹೇಳಿಬಿಡಿ, ಮುಂದಿನ ಪೆಟ್ಟಿಗೆ ಕೊಳ್ಳುವಾಗ ಅವರೇ ನೋಡಿ ತರುತ್ತಾರೆ.

ಪ್ರಶ್ನೆ: ಆರು ಜನ ಬರುತ್ತೇವೆ ಎಂದವರಲ್ಲಿ ಹೇಳಿದ ಸಮಯಕ್ಕೆ ಬರುವುದು ನಾವಿಬ್ಬರೇ. ಉಳಿದವರಿಗಾಗಿ ಸುಮ್ಮನೆ ಕೂರುತ್ತೇವೆ.

ಉತ್ತರ: ಸುಮ್ಮನೆ ಯಾಕೆ ಕೂರಬೇಕು? ಇಬ್ಬರಿಗೇ ಎಂದು ಒಂದು ಚಿಕ್ಕ ಪೆಟ್ಟಿಗೆ ಯಾವಾಗಲೂ ಮೇಜಿನ ಮೇಲಿರಲಿ. ನನ್ನದು ರೈನರ್ ಕ್ನಿಟ್ಸಿಯಾ ಅವರ ಲಾಸ್ಟ್ ಸಿಟೀಸ್, 1999ರದು. ಐದು ಬಣ್ಣ, ಐದು ಯಾತ್ರೆ. ಕಾರ್ಡುಗಳನ್ನು ಏರಿಕೆಯ ಕ್ರಮದಲ್ಲೇ ಇಡುತ್ತಾ ಹೋಗಬೇಕು. ಒಂದು ಬಣ್ಣ ಶುರು ಮಾಡಿದಿರೋ, 20 ಅಂಕದ ಸಾಲ ತಲೆಗೇರಿತು, ಅದನ್ನು ತೀರಿಸಿ ಮೇಲೆ ಉಳಿದದ್ದೇ ಲಾಭ. ಶುರು ಮಾಡಲೋ ಬೇಡವೋ ಎಂಬ ತೊಳಲಾಟದಲ್ಲೇ ಹೊತ್ತು ಹೋಗುವುದು ಗೊತ್ತಾಗುವುದಿಲ್ಲ. ಮೂರು ಸುತ್ತು ಆಡಿ ಅಂಕ ಕೂಡಿಸುತ್ತಾರೆ. ಮೂರನೆಯ ಸುತ್ತಿನಲ್ಲಿ ಬಾಗಿಲು ತಟ್ಟಿದ ಸದ್ದಾದರೆ ತೆರೆದು ಒಳಗೆ ಕರೆಯಿರಿ, ಆದರೆ ಕೈಯಲ್ಲಿರುವ ಕಾರ್ಡು ಕೆಳಗಿಡಬೇಡಿ. ತಡವಾಗಿ ಬಂದವರು ಐದು ನಿಮಿಷ ಪಕ್ಕದಲ್ಲಿ ನಿಂತು ನೋಡಲಿ, ಮುಂದಿನ ವಾರ "ನನಗೂ ಒಂದು ಕೈ ಹಾಕಿ" ಎಂದು ಅವರೇ ಬೇಗ ಬರುತ್ತಾರೆ.